ರಟ್ಟಿಲ್ಲದ ನಾಲ್ಕು ಪುಸ್ತಕಗಳು, ಒಬ್ಬ ಶತ್ರು

ರಾಯದುರ್ಗಕ್ಕೆ ಬಂದ ಮೊದಲ ವಾರ ಮೂಗು ಸೀಟಿದರೆ ನೀಲಿ ಬರುತ್ತಿತ್ತು. ಉಗುಳಿದರೂ ನೀಲಿ. ಸಂಜೆಯಾದರೆ ಅಂಗೈ, ಉಗುರಿನ ಸಂದು, ಕಿವಿಯ ಹಿಂಭಾಗ ಎಲ್ಲ ನೀಲಿ. ಯಾವುದೋ ರೋಗ ತಗುಲಿತೆಂದು ಹೆದರಿ ಅತ್ತುಬಿಟ್ಟೆ. ಪಕ್ಕದ ಪೋರ್ಷನ್ನಿನ ಹುಲಿಗೆಮ್ಮ ಬಂದು ನೋಡಿ, "ಜೀನ್ಸ್ ಬಟ್ಟಿ ಬಣ್ಣ ಅದು, ಏನಾಗಂಗಿಲ್ಲ. ಸ್ವಲ್ಪ ಬೆಲ್ಲ ತಿನ್ರಿ" ಎಂದು ನಕ್ಕಳು. ಪೋರ್ಷನ್ ಎಂದರೆ ಒಂದೇ ಮನೆಗೆ ಅಡ್ಡಗೋಡೆ ಹಾಕಿ ಬಾಡಿಗೆಗೆ ಕೊಡುವ ಒಂದೊಂದು ತುಂಡು. ನಮ್ಮ ತುಂಡಿನಲ್ಲಿ ಒಂದು ಕೋಣೆ, ಗ್ಯಾಸ್ ಒಲೆ ಇಡಲು ಒಂದು ಮೂಲೆ. ಮಡಕಶಿರಾ ಕಡೆಯ ನಮ್ಮೂರು ರತ್ನಗಿರಿಯಲ್ಲಿ ನಮ್ಮ ಎಮ್ಮೆ ಇದಕ್ಕಿಂತ ದೊಡ್ಡ ಜಾಗದಲ್ಲಿ ಮಲಗುತ್ತಿತ್ತು.

ರೊಳ್ಳ, ರತ್ನಗಿರಿಯ ನಮ್ಮ ಓದುವ ಗುಂಪಿನ ಗೆಳತಿಯರೇ, ನೀವು ಫೋನಿನಲ್ಲಿ ಕೇಳಿದ್ದೀರಿ: ಈ ಒಂದು ವರ್ಷದಲ್ಲಿ ಓದಿದ ಕಾದಂಬರಿ, ಆತ್ಮಕಥೆಗಳಲ್ಲಿ ಮನಸ್ಸು ಅರಳಿಸುವಂಥವು ಯಾವುವು, ಬರೆದು ಕಳಿಸು ಎಂದು. ಬರೆಯುತ್ತೇನೆ. ಆದರೆ ಪುಸ್ತಕದ ಹೆಸರು ಕೇಳಬೇಡಿ. ಇಲ್ಲಿ ಕನ್ನಡ ಪುಸ್ತಕದ ಅಂಗಡಿ ನಾನು ಕಾಣೆ. ನನ್ನ ಓದೆಲ್ಲ ರದ್ದಿ ಅಂಗಡಿಯದು. ಬಳ್ಳಾರಿ ಕಡೆಯಿಂದ ಹಳೇ ಪೇಪರಿನ ಮೂಟೆಗಳಲ್ಲಿ ಪುಸ್ತಕಗಳು ಬರುತ್ತವೆ. ರಟ್ಟಿಗೆ ಬೇರೆ ಬೆಲೆ ಇರುವುದರಿಂದ ಅಂಗಡಿಯವನು ಅದನ್ನು ಮೊದಲ ಪುಟಗಳ ಸಮೇತ ಕಿತ್ತಿಟ್ಟುಕೊಂಡು ಉಳಿದದ್ದನ್ನು ನನಗೆ ಕೊಡುತ್ತಾನೆ. ಬರೆದವರು ಯಾರೋ, ಪುಸ್ತಕದ ಹೆಸರೇನೋ ನನಗೂ ಗೊತ್ತಿಲ್ಲ. ಗುರುತು ಹೇಳುತ್ತೇನೆ, ಹುಡುಕಿಕೊಳ್ಳಿ. ನಾನು ಅವನ್ನು ಓದಿದ್ದು ಉಲ್ಲಾಸಕ್ಕಲ್ಲ, ಒಬ್ಬಳ ಮೇಲೆ ಸೇಡು ತೀರಿಸಿಕೊಳ್ಳಲು. ಅದನ್ನು ಬಿಟ್ಟು ಬರೆದರೆ ಬರೀ ಸುಳ್ಳಾಗುತ್ತದೆ.

ಅವಳ ಹೆಸರು ಸುಜಾತಕ್ಕ. ನಾನು ಕೆಲಸ ಮಾಡುವ ಶೆಡ್ಡಿನ ಮೇಸ್ತ್ರಿ. ನನ್ನ ಯಜಮಾನರಿಗೆ ಇಲ್ಲಿ ಕಟಿಂಗ್ ಮಾಸ್ಟರ್ ಕೆಲಸ ಸಿಕ್ಕಿ ಬಂದವರು ನಾವು. ಅವರು ಬಟ್ಟೆ ಕತ್ತರಿಸುತ್ತಾರೆ. ನಾನು ಬೇರೆ ಶೆಡ್ಡಿನಲ್ಲಿ, ಹೊಲಿದು ಬಂದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುತ್ತೇನೆ. ಎರಡೂ ಊರು ಒಂದೇ ಜಿಲ್ಲೆಯಲ್ಲವೇ, ದೂರವೇನು ಎಂದುಕೊಂಡಿದ್ದೆ. ಈಗ ಜಿಲ್ಲೆಯನ್ನೂ ಬೇರೆ ಮಾಡಿದ್ದಾರೆ. ಅಲ್ಲೂ ಕನ್ನಡ, ಇಲ್ಲೂ ಕನ್ನಡ. ಅಲ್ಲೂ ತೆಲುಗು, ಇಲ್ಲೂ ತೆಲುಗು. ತೆಲುಗು ಮಾತಾಡಿದಾಗ ಯಾರೂ ನನ್ನನ್ನು ತಿರುಗಿ ನೋಡಲಿಲ್ಲ. ಕನ್ನಡಕ್ಕೆ ಬಾಯಿ ತೆರೆದಾಗ ಮಾತ್ರ ಶೆಡ್ಡು ಗೊಳ್ಳೆಂದಿತು.

"ನೀರ್ ಕುಡ್ಕಂಡ್ ಬತ್ತೀನಿ ಕಣಕ್ಕ" ಎಂದಿದ್ದೆ, ಅಷ್ಟೇ. ಸುಜಾತಕ್ಕ ಸೊಂಟಕ್ಕೆ ಕೈಯಿಟ್ಟು ನನ್ನ ಹಾಗೆಯೇ ಎಳೆದು, "ಬತ್ತೀನಿ ಕಣಕ್ಕೋ" ಎಂದಳು. ದನಿ, ರಾಗ, ಕತ್ತಿನ ಕೊಂಕು ಎಲ್ಲ ನನ್ನದೇ. ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ನನ್ನ ಹೆಸರು ಜಯಮ್ಮ ಹೋಗಿ "ಏ ಮಡಕಶಿರಾ" ಆಯಿತು. ಬೆಳಿಗ್ಗೆ ಒಳಗೆ ಕಾಲಿಟ್ಟರೆ ನನ್ನ ದನಿಯಲ್ಲೇ ನನ್ನನ್ನು ಸ್ವಾಗತಿಸುತ್ತಿದ್ದಳು. ಸಂತೆಯಲ್ಲಿ, ನಲ್ಲಿಯ ಹತ್ತಿರ, ಉಗ್ಗಾಣಿಯವನ ಗಾಡಿಯ ಮುಂದೆ ನಾನು ತೆಲುಗಿನಲ್ಲೇ ಮಾತಾಡತೊಡಗಿದೆ. ಉಗ್ಗಾಣಿ ಎಂದರೆ ನೆನೆಸಿದ ಮಂಡಕ್ಕಿಯ ಒಗ್ಗರಣೆ. ಜೊತೆಗೆ ಮೆಣಸಿನಕಾಯಿ ಬಜ್ಜಿ ಇರಲೇಬೇಕು. ಅದು ರುಚಿಯೇ. ಆದರೆ ಸ್ವಂತ ಮಾತು ನುಂಗಿಕೊಂಡು ಬದುಕುವವಳಿಗೆ ಯಾವ ರುಚಿಯೂ ನಾಲಿಗೆಗೆ ಹತ್ತುವುದಿಲ್ಲ.

ಇಷ್ಟಕ್ಕೇ ಸೇಡು ಇಟ್ಟುಕೊಳ್ಳುವವಳಲ್ಲ ನಾನು. ಮುಂದೆ ಆದದ್ದು ಬೇರೆ.

ನನ್ನನ್ನು ಸಾಕಿದವಳು ದೊಡ್ಡಮ್ಮ, ಅಮ್ಮನ ಅಕ್ಕ. ಅವಳ ಮಗ ರಂಗಣ್ಣನನ್ನೂ ನನ್ನನ್ನೂ ಒಂದೇ ತಟ್ಟೆಯಲ್ಲಿ ಉಣಿಸಿ ಬೆಳೆಸಿದಳು. ಅವಳಿಗೆ ಕಾಯಿಲೆ ಜೋರಾದ ದಿನ ರಂಗಣ್ಣ ನನಗೆ ಫೋನು ಮಾಡಿದ್ದ. ಶೆಡ್ಡಿನಲ್ಲಿ ಕೆಲಸದ ಹೊತ್ತು ಎಲ್ಲರ ಫೋನೂ ಮೇಸ್ತ್ರಿಯ ಬುಟ್ಟಿಯಲ್ಲಿ ಇರಬೇಕು. ಫೋನು ಬಂದದ್ದು ಬೆಳಿಗ್ಗೆ. ಸುಜಾತಕ್ಕ ನನಗೆ ಹೇಳಿದ್ದು ಸಂಜೆ, ಮಾಲು ತುಂಬಿದ ಲಾರಿ ಹೊರಟ ಮೇಲೆ. "ಊರಿಂದ ಫೋನ್ ಬಂದಿತ್ತು, ನಿಮ್ಮ ದೊಡ್ಡಮ್ಮಗ ಆರಾಮ ಇಲ್ಲಂತ, ಹೋಗು" ಎಂದಳು. ಓಡಿದೆ. ಬಸ್ಸು ಬದಲಿಸಬೇಕಾದ ಕಲ್ಯಾಣದುರ್ಗ ಮುಟ್ಟಿದಾಗ ಮಡಕಶಿರಾದ ಬಸ್ಸು ಹೋಗಿಬಿಟ್ಟಿತ್ತು. ಮಾರನೆಯ ದಿನ ರತ್ನಗಿರಿಗೆ ಹೋದಾಗ ದೊಡ್ಡಮ್ಮನನ್ನು ಮಣ್ಣು ಮಾಡಿ ಬಂದು ಎಲ್ಲರೂ ಅಂಗಳದಲ್ಲಿ ಕೂತಿದ್ದರು. ಅವಳ ಮುಖ ನನಗೆ ಸಿಗಲಿಲ್ಲ.

ರಂಗಣ್ಣ ಏನೆಂದ ಗೊತ್ತೇ? "ಬತ್ತೀನಿ ಅಂತ ಅವಳ ಕಿವಿಗೇ ಯೇಳಿದ್ದಲ್ಲ, ಈಗ ಬಂದ್ಯಾ?"

"ನಾನ್ ಯಾವಾಗ ಯೇಳ್ದೆ? ನಾನು ಮಾತೇ ಆಡಿಲ್ಲ ಕಣೋ!"

"ಫೋನು ಕಿವೀಗೆ ಇಟ್ಟಿದ್ದೋನು ನಾನು. ನಿನ್ನ ದನಿ ನಂಗೆ ಗೊತ್ತಾಗಲ್ವಾ? ಸಂಬಳಕ್ಕೆ ನಿಂತ್ಕಂಡು ಈಗ ಸುಳ್ಳು ಬ್ಯಾರೆ."

ಅವನಿಗೆ ಸಂಕಟದಲ್ಲಿ ತಲೆ ಕೆಟ್ಟಿದೆ ಎಂದುಕೊಂಡೆ. ಆದರೆ ಊರೆಲ್ಲ ಅದನ್ನೇ ನಂಬಿತು. ಸಾಕಿದವಳು ಬಾ ಎಂದರೂ ದುಡಿಮೆ ಬಿಟ್ಟು ಬರದವಳು, ಮೇಲೆ ಸುಳ್ಳು ಹೇಳಿದವಳು ಎಂಬ ಹೆಸರು ಹೊತ್ತು ಬಸ್ಸು ಹತ್ತಿದೆ. ನಿಮ್ಮಲ್ಲಿ ಎಷ್ಟು ಜನ ಅದನ್ನು ನಂಬಿದಿರಿ ಎಂದು ಈಗ ಕೇಳುವುದಿಲ್ಲ.

ವಾಪಸು ಬಂದ ಮೇಲೆ ಸುಜಾತಕ್ಕನ ಜೊತೆ ಮಾತು ಬಿಟ್ಟೆ. ಊಟದ ಹೊತ್ತಿನಲ್ಲಿ ಒಬ್ಬಳೇ ಕೂತು ರದ್ದಿ ಪುಸ್ತಕ ಓದುತ್ತಿದ್ದೆ. ಒಂದು ದಿನ, ಅದೇ ಶೆಡ್ಡಿನಲ್ಲಿ ದಾರ ಕತ್ತರಿಸುವ ಹುಲಿಗೆಮ್ಮ, "ನೀವ್ ಒಬ್ರ ಓದಿದ್ರ ಹೆಂಗ್ರಿ, ಜೋರಾಗಿ ಓದ್ರಿ, ನಾವೂ ಕೇಳ್ತೀವಿ" ಎಂದಳು. ಓದಿದೆ. ನಗಲು ಬಾಯಿ ತೆರೆದಿದ್ದವರು ಹಾಗೆಯೇ ಕೂತರು. ಅಚ್ಚಿನ ಕನ್ನಡದಲ್ಲಿ ಮಡಕಶಿರಾವೂ ಇರಲಿಲ್ಲ, ರಾಯದುರ್ಗವೂ ಇರಲಿಲ್ಲ. ಅಣಕಿಸಲು ಏನೂ ಸಿಗಲಿಲ್ಲ. ಮರುದಿನದಿಂದ ಅದೊಂದು ಪದ್ಧತಿಯಾಯಿತು. ಕೆಲಸದ ಹೊತ್ತಿನಲ್ಲೂ ನಾನು ಓದುವುದು, ನನ್ನ ಪಾಲಿನ ಪ್ಯಾಂಟುಗಳನ್ನು ಉಳಿದವರು ಹಂಚಿಕೊಂಡು ದಾರ ಕತ್ತರಿಸುವುದು. ಹರಟೆ ನಿಂತು ಕೆಲಸ ಸಾಗುವುದರಿಂದ ಸುಜಾತಕ್ಕನೂ ಬೇಡವೆನ್ನಲಿಲ್ಲ. ಅವಳು ಶಾಲೆ ಮೆಟ್ಟಿಲು ಹತ್ತಿದವಳಲ್ಲ, ಯಾವ ಭಾಷೆಯ ಅಕ್ಷರವೂ ಬಾರದು. ಕೆಲವೇ ದಿನಗಳಲ್ಲಿ ಕತೆಯ ಹುಚ್ಚು ಎಲ್ಲರಿಗಿಂತ ಹೆಚ್ಚಾಗಿ ಹಿಡಿದದ್ದು ಅವಳಿಗೇ. ನನ್ನ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದಳು. ಅದನ್ನು ಕಂಡ ದಿನ ನನಗೆ ದಾರಿ ಹೊಳೆಯಿತು.

ಆಗ ಓದುತ್ತಿದ್ದದ್ದು ಒಬ್ಬ ನರ್ಸಮ್ಮನ ಆತ್ಮಕಥೆ. ಕಾಡಂಚಿನ ಹಳ್ಳಿಗಳಿಗೆ ಸೈಕಲ್ ತುಳಿದುಕೊಂಡು ಹೋಗಿ ಹೆರಿಗೆ ಮಾಡಿಸುತ್ತಿದ್ದವಳು. ಹೆಂಗಸು ಸೈಕಲ್ ತುಳಿಯುತ್ತಾಳೆಂದು ಕಲ್ಲು ಹೊಡೆದ ಮನೆಯಿಂದಲೇ ಕರೆ ಬಂದಾಗ ಅವಳು ಹೋಗುತ್ತಾಳೆ; ಆದರೆ ಮೊದಲು ಅಂಗಳದಲ್ಲಿ ನಿಂತು, ಕಲ್ಲೇಟಿಗೆ ಚೆಲ್ಲಾಪಿಲ್ಲಿಯಾದ ತನ್ನ ಔಷಧಿ ಚೀಲವನ್ನು ಆ ಮನೆಯ ಯಜಮಾನನ ಕೈಯಿಂದಲೇ ಜೋಡಿಸಿಕೊಂಡು ಒಳಗೆ ಹೋಗುತ್ತಾಳೆ. ಆ ಪುಟವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಬದುಕು ಸಾಕೆನಿಸಿದಾಗ ಈ ಪುಸ್ತಕ ಹಿಡಿಯಿರಿ, ಎದ್ದು ಕೂರಿಸುತ್ತದೆ. ಅದರ ಕೊನೆಯಲ್ಲಿ, ನೌಕರಿ ಮುಗಿಸಿ ಹೊರಟ ಅವಳನ್ನು ಕರೆದೊಯ್ಯುವ ಬಸ್ಸಿನ ಡ್ರೈವರು ಅವಳೇ ಹೆರಿಗೆ ಮಾಡಿಸಿದ ಕೂಸು. ಶೆಡ್ಡು ಪೂರ್ತಿ ಅತ್ತಿತು, ಸುಜಾತಕ್ಕನೊಬ್ಬಳನ್ನು ಬಿಟ್ಟು. ಏಕೆಂದರೆ ಅವಳು ಅಲ್ಲಿರಲಿಲ್ಲ. ಶನಿವಾರ ಬೆಳಿಗ್ಗೆ ಅವಳು ನೇಮಕಲ್ಲಿನ ಆಂಜನೇಯನಿಗೆ ಹೋಗುತ್ತಾಳೆ, ಬರುವುದು ಮಧ್ಯಾಹ್ನ. ಆ ಹೊತ್ತಿಗೆಂದೇ ಕೊನೆಯ ಅಧ್ಯಾಯ ಎತ್ತಿಟ್ಟುಕೊಂಡಿದ್ದೆ. ಎಲ್ಲರಿಗೂ ಹೇಳಿದೆ: "ನನಗೆ ನನ್ನ ದೊಡ್ಡಮ್ಮನ ಕೊನೆ ಸಿಗದ ಹಾಗೆ ಮಾಡಿದವಳಿಗೆ ಒಂದು ಕತೆಯ ಕೊನೆಯೂ ಸಿಗಬಾರದು. ಹೇಳಿದವರು ಇನ್ನು ಮುಂದೆ ನನ್ನ ಓದು ಕೇಳುವುದು ಬೇಡ." ಯಾರೂ ಹೇಳಲಿಲ್ಲ. ಈ ಊರಿನಲ್ಲಿ ನಾನು ಗಳಿಸಿದ ಮೊದಲ ಗೆಲುವು ಅದು, ನನಗೆ ನಾಚಿಕೆಯಿಲ್ಲ.

ಎರಡನೆಯದು ಕಾದಂಬರಿ. ಅಣ್ಣನ ಮನೆಯಿಂದ ಹೊರಬಿದ್ದ ವಿಧವೆಯೊಬ್ಬಳು ಟೆಂಪೋ ಓಡಿಸಲು ಕಲಿತು, ಕೊನೆಗೆ ಅದೇ ಅಣ್ಣನ ಮಗಳ ಮದುವೆಯ ದಿನ ಟೆಂಪೋವನ್ನು ಅವನ ಬಾಗಿಲಿಗೆ ಅಡ್ಡ ನಿಲ್ಲಿಸಿ, ಬೀಗ ಹಾಕಿಕೊಂಡು, ಒಳಗೆ ಹೋಗಿ ಊಟಕ್ಕೆ ಕೂರುತ್ತಾಳೆ. ಎಲ್ಲ ಬಿಟ್ಟು ಈ ಒಂದು ಪುಸ್ತಕ ಹುಡುಕಿ. ಶೆಡ್ಡಿನವರು ಕತ್ತರಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಅದೂ ಶನಿವಾರವೇ.

ಮೂರನೆಯದು ನಾಟಕ ಕಂಪನಿಯ ಅಡುಗೆಯವನೊಬ್ಬನ ಆತ್ಮಕಥೆ. ಅವನು ಸಾರು ಕುದಿಸುವುದನ್ನು ಓದಿದರೆ ತಣ್ಣನೆ ಅನ್ನದ ಡಬ್ಬಿ ಮುಚ್ಚಿಡಬೇಕೆನಿಸುತ್ತದೆ. ಅದರ ಗುಂಗಿನಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದರು. ನಾನು ರಾಗಿ ಮುದ್ದೆ, ಹುರುಳಿ ಸಾರು ಒಯ್ದೆ. ಜೋಳದ ರೊಟ್ಟಿ ಬಡಿಯುವ ಊರು ಇದು. ಕಣೇಕಲ್ಲಿನ ಹುಲಿಗೆಮ್ಮ ಕೆರೆ ನೀರಿನ ಅಕ್ಕಿ ಉಂಡು ಬೆಳೆದವಳು, ಮುದ್ದೆಯನ್ನು ಅಗಿಯತೊಡಗಿದಳು. "ಅಗೀಬಾರ್ದು ಕಣಮ್ಮಿ, ನುಂಗ್ಬೇಕು" ಎಂದೆ. ನನ್ನ ಮಾತಿಗೆ ಯಾರೂ ನಗಲಿಲ್ಲ. ನಾಲಿಗೆ ಆಗ ಸಡಿಲವಾಯಿತು. ಪುಸ್ತಕದ ಕೊನೆಯಲ್ಲಿ ಮಾತ್ರ ಆ ಪುಣ್ಯಾತ್ಮ ತನ್ನನ್ನು ಬೀದಿಗೆ ತಳ್ಳಿದ ಕಂಪನಿ ಮಾಲೀಕನನ್ನು ಕ್ಷಮಿಸಿ, ಕರೆದು ಹೋಳಿಗೆ ಬಡಿಸುತ್ತಾನೆ. ನನಗೆ ಮೈಯೆಲ್ಲ ಉರಿಯಿತು. ಓದಿ, ಆದರೆ ಕೊನೆಯ ಪುಟಗಳನ್ನು ಬಿಟ್ಟುಬಿಡಿ. ಅವನ್ನೂ ಸುಜಾತಕ್ಕನಿಗೆ ಕೇಳಗೊಡಲಿಲ್ಲ. ಕ್ಷಮೆಯ ಆಸೆ ಅವಳಿಗೆ ಹುಟ್ಟುವುದು ನನಗೆ ಬೇಕಿರಲಿಲ್ಲ.

ನಾಲ್ಕನೆಯದು ಅವಳನ್ನು ಕೆಡವಿತು. ಊರೂರು ತಿರುಗುವ ಬಳೆಗಾರ್ತಿಯೊಬ್ಬಳು ಬಾಲ್ಯದಲ್ಲಿ ತಪ್ಪಿಹೋದ ತಂಗಿಯನ್ನು ಹುಡುಕುವ ಕಾದಂಬರಿ. ಬಳೆ ತೊಡಿಸುವಾಗ ಪ್ರತಿ ಹೆಂಗಸಿನ ಮುಂಗೈ ನೋಡುತ್ತಾಳೆ, ಅಲ್ಲೊಂದು ಸುಟ್ಟ ಗುರುತು ಇದೆಯೇ ಎಂದು. ಎಲ್ಲೋ ಒಂದು ಊರಿನಲ್ಲಿ ಸುಳಿವು ಸಿಕ್ಕಿತು ಎನ್ನುವಲ್ಲಿಗೆ ಶುಕ್ರವಾರ ನಿಲ್ಲಿಸಿದೆ. ಸೋಮವಾರ ಬೇರೆ ಪುಸ್ತಕ ತೆಗೆದೆ. ಸುಜಾತಕ್ಕ ಒಬ್ಬೊಬ್ಬರನ್ನೇ ಕೇಳಿದಳು. ಎಲ್ಲರಿಗೂ ಅದೇ ಗಳಿಗೆಯಲ್ಲಿ ಕಿವುಡು. ಮಧ್ಯಾಹ್ನ ನಾನು ನಲ್ಲಿಯಲ್ಲಿ ಕೈಯ ನೀಲಿ ತಿಕ್ಕುತ್ತಿದ್ದಾಗ ಹಿಂದೆ ಬಂದು ನಿಂತಳು.

"ಜಯಮ್ಮಾ, ಒಂದು ಮಾತು ಕೇಳ್ಲೇನ್ರಿ? ಆ ಬಳಿಗಾರ್ತಿಗೆ ತಂಗಿ ಸಿಕ್ಳಾ?"

ಅವಳ ಬಾಯಿಂದ ನನ್ನ ಹೆಸರು ಬಂದದ್ದು ಅದೇ ಮೊದಲು. ನಾನು ಕೈ ತಿಕ್ಕುತ್ತಲೇ ಇದ್ದೆ.

"ಶನಿವಾರ ಬೇಕಂತನ ಓದ್ತೀರಿ, ನನಗ ಗೊತ್ತೈತಿ. ಯಾಕ ಅನ್ನೋದೂ ಗೊತ್ತೈತಿ" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಅವತ್ತು ಫೋನ್ ಎತ್ತಿದಾಕಿ ನಾನ. ಜಯಮ್ಮ ಕೆಲಸದಾಗ ಅದಾಳ ಅಂತ ಹೇಳಾಕ ಎತ್ತಿದ್ದೆ. ಎತ್ತಿದ್ದ ತಡ, ಆ ಮುದುಕಿ, ಜಯಾ ಉಂಡೇನವ್ವಾ ಅಂದ್ಬಿಟ್ಳು. ನಾನು ಜಯ ಅಲ್ಲ ಅನ್ನಾಕ ಬಾಯಿ ಬರಲಿಲ್ರಿ. ನಿಮ್ಮಂಗ ಮಾತಾಡಿದೆ."

"ಏನಂದೆ?"

"ಊಂ ದೊಡ್ಡಮ್ಮ, ಉಂಡೆ ಕಣವ್ವ, ಈಗ್ಲೇ ಬತ್ತೀನಿ ಅಂದೆ." ಅದೇ ನನ್ನ ದನಿ, ಅದೇ ಎಳೆತ. "ಅದಕ್ಕ ಆಕಿ, ಬಿಸ್ಲಾಗೆ ಬರ್ಬ್ಯಾಡ ಕಣವ್ವ, ವೊತ್ತು ಇಳಿದ ಮ್ಯಾಲೆ ತಣ್ಗೆ ಬಾ ಅಂದ್ಳು. ಲಾರಿ ಬಾಗಲದಾಗ ನಿಂತಿತ್ತು. ಆಕಿನ ಸಂಜಿಗೆ ಬಾ ಅಂದಾಳಲ್ಲ, ಸಂಜಿಗೆ ಹೇಳಿದ್ರಾತು ಅಂದ್ಕಂಡೆ. ಆಕಿ ಹೋಗ್ತಾಳ ಅಂತ ನನಗೇನು ಗೊತ್ತು?"

ದೊಡ್ಡಮ್ಮ ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದಳು. ಬಿಸಿಲಿಗೆ ಬರಬೇಡ ಎನ್ನುತ್ತಲೇ ಬಾಗಿಲಲ್ಲಿ ಕೂತು ದಾರಿ ನೋಡುತ್ತಿದ್ದಳು. ಅದು ಮನೆಯವರಿಗೆ ಗೊತ್ತು, ಕದ್ದು ಕೇಳಿದವಳಿಗೆ ಹೇಗೆ ಗೊತ್ತಾಗಬೇಕು? ನನ್ನ ಕೈಯಿಂದ ನೀರು ಸುರಿಯುತ್ತಲೇ ಇತ್ತು. ಅವಳು ನನ್ನ ಹೊತ್ತನ್ನು ಮಾತ್ರ ಕಸಿದಿರಲಿಲ್ಲ, ನಾನು ಆಡಬೇಕಿದ್ದ ಕೊನೆಯ ಮಾತನ್ನೂ ಕಸಿದಿದ್ದಳು. ರಂಗಣ್ಣನ ಮುಂದೆ ನನ್ನನ್ನು ಸುಳ್ಳಿಯನ್ನಾಗಿ ನಿಲ್ಲಿಸಿದ್ದೂ ಅವಳೇ. ಕೊಡ ಎತ್ತಿ ತಲೆಗೆ ಬಡಿಯಬೇಕೆನಿಸಿತು. ಬಡಿಯಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಹೊಳೆಯಿತು.

"ದೊಡ್ಡಮ್ಮನ ವರ್ಷದ ಎಡೆ ಹತ್ರ ಬಂತು. ನನ್ ಜೊತೆ ಊರಿಗೆ ಬಾ. ಎಲ್ಲರ ಮುಂದೆ ಈ ಮಾತು ಯೇಳು. ಯೇಳಿದ್ರೆ ಬಳೆಗಾರ್ತಿ ಕತೆ ಕೊನೆ ಬಸ್ಸಾಗೆ ಯೇಳ್ತೀನಿ" ಎಂದೆ.

ಅವಳು ನಲ್ಲಿ ತಿರುಗಿಸಿ ನೀರು ನಿಲ್ಲಿಸಿ, "ಬರ್ತೀನ್ರಿ" ಎಂದಳು.

ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟಿಕೊಂಡು ಹೋದೆ: ರಂಗಣ್ಣ ಕೂಗಾಡುತ್ತಾನೆ, ಹೆಂಗಸರು ಮಣ್ಣು ತೂರುತ್ತಾರೆ, ಇವಳು ತಲೆ ತಗ್ಗಿಸಿ ನಿಂತಿರುತ್ತಾಳೆ, ಆಮೇಲೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಆದದ್ದನ್ನು ನೀವೇ ಕಂಡಿರಿ, ಆ ಅಂಗಳದಲ್ಲಿ ನೀವೂ ಇದ್ದಿರಿ. ಸುಜಾತಕ್ಕ ನಿಂತು ಎಲ್ಲ ಹೇಳಿದಳು. ದೊಡ್ಡಮ್ಮನ ಮಾತಿಗೆ ಬಂದಾಗ ದೊಡ್ಡಮ್ಮನ ದನಿಯಲ್ಲೇ ಹೇಳಿದಳು. ಆ ಅಂಗಳಕ್ಕೆ ದೊಡ್ಡಮ್ಮ ನಡೆದು ಬಂದಂತಾಯಿತು. ರಂಗಣ್ಣ ಮಗುವಿನಂತೆ ಅತ್ತ. "ಇನ್ನೊಂದ್ ಸಲ ಯೇಳಕ್ಕ" ಎಂದ. ಹೇಳಿದಳು. ಪಕ್ಕದ ಮನೆಯವರನ್ನು ಕರೆದರು, ಅವರಿಗಾಗಿ ಮತ್ತೆ ಹೇಳಿದಳು. ಅವಳನ್ನು ಚಾಪೆಯ ಮೇಲೆ ಕೂರಿಸಿ ಮುದ್ದೆಗೆ ತುಪ್ಪ ಹಾಕಿದಿರಿ. ಅರಿಶಿನ ಕುಂಕುಮ ಕೊಟ್ಟು, ರವಿಕೆ ಬಟ್ಟೆ, ತೆಂಗಿನಕಾಯಿ ಇಟ್ಟು ಮಡಿಲು ತುಂಬಿದಿರಿ. ಬರುವ ಯುಗಾದಿಗೂ ಬಾ ಎಂದಿರಿ.

ನನಗೆ ರಂಗಣ್ಣ ಹೇಳಿದ್ದು ಒಂದೇ ಮಾತು: "ಆಯ್ತು ಬಿಡು ಜಯಾ." ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಎಲೆಗೆ ಸಾರು ಕೇಳುವಾಗ ಅಭ್ಯಾಸದಲ್ಲಿ "ಸ್ವಲ್ಪ ಹಾಕ್ರಿ" ಎಂದುಬಿಟ್ಟೆ. "ಓಹೋ, ಹಾಕ್ರಿ ಅಂತೆ ಕಣ್ರೇ, ಬಳ್ಳಾರಿಯೋಳು ಬಂದವ್ಳೆ" ಎಂದು ನೀವು ನಕ್ಕಿರಿ. ಸುಜಾತಕ್ಕನೂ ನಕ್ಕಳು. ನನ್ನ ಶತ್ರು ನನ್ನ ಮನೆಯ ಚಾಪೆಯ ಮೇಲೆ ಕೂತು ನನ್ನ ಮಾತಿನಲ್ಲಿ ನನ್ನವರ ಜೊತೆ ನಗುತ್ತಿದ್ದಳು. ನಾನು ಎಲೆಯ ಮುಂದೆ ನೆಂಟಳಂತೆ ಕೂತಿದ್ದೆ.

ವಾಪಸಿನ ಬಸ್ಸಿನಲ್ಲಿ, ಮಡಕಶಿರಾ ದಾಟಿದ ಮೇಲೆ, ಅವಳು ಮಡಿಲಿನ ತೆಂಗಿನಕಾಯಿ ಸರಿಸಿಕೊಂಡು ಕೇಳಿದಳು: "ಈಗ ಹೇಳ್ರಿ. ತಂಗಿ ಸಿಕ್ಳಾ?"

"ಇಲ್ಲ" ಎಂದೆ. "ಊರಿಗೆ ಹೋದ್ಲು. ಹೋಗೋ ಹೊತ್ತಿಗೆ ತಂಗೀನ ಮಣ್ಣು ಮಾಡಿದ್ರು."

"ಅಯ್ಯೋ ಶಿವನೇ. ಯಾಕ? ಯಾಕ ತಡ ಮಾಡಿದ್ಳು ಆಕಿ?"

"ಅವಳೇನ್ ಮಾಡಿಲ್ಲ. ತಂಗಿಗೆ ಉಷಾರಿಲ್ಲ ಅನ್ನೋ ಸುದ್ದೀನ ಯಾರೋ ಬೆಳಿಗ್ಗೆ ಕೇಳಿ ಸಂಜೆ ಯೇಳಿದ್ರು."

ಅವಳು ಕಿಟಕಿಗೆ ತಿರುಗಿ ಕೂತಳು. ಕಲ್ಯಾಣದುರ್ಗ ಬರುವವರೆಗೂ ಅವಳ ಭುಜ ಅಲುಗುತ್ತಿತ್ತು. ನೀವು ತುಂಬಿದ ಮಡಿಲಿನ ಮೇಲೆ ನೀರು ಬೀಳುತ್ತಿತ್ತು. ನನಗೆ ಸಂತೋಷವಾಯಿತು. ತುಂಬ ದಿನಗಳಿಂದ ಬೇಕಿದ್ದ ಸಂತೋಷ ಅದು. ರಾಯದುರ್ಗದಲ್ಲಿ ಬಸ್ಸು ಇಳಿಯುವಾಗ ಅವಳು ನನ್ನ ಚೀಲವನ್ನೂ ತಾನೇ ಎತ್ತಿಕೊಂಡು, "ಬರ್ರಿ, ಮನಿಗೆ ಹೋಗೂಣು" ಎಂದಳು. ಯಾವ ಮನೆ ಎಂದು ಒಂದು ಕ್ಷಣ ನನಗೆ ಹೊಳೆಯಲಿಲ್ಲ.

ನಿಮಗೆ ಮಾತ್ರ ನಿಜ ಹೇಳುತ್ತೇನೆ, ಪುಸ್ತಕ ಕೇಳಿದವರು ನೀವು. ತಂಗಿ ಸಿಗುತ್ತಾಳೆ. ಬಾಗಿಲು ತೆರೆದು, ಬಳೆ ಬೇಡಮ್ಮ ಎಂದು ಕೈ ಅಡ್ಡ ಹಿಡಿಯುತ್ತಾಳೆ, ಆ ಕೈಯ ಮೇಲೆ ಸುಟ್ಟ ಗುರುತು. ಈ ವರ್ಷ ಓದಿದ್ದರಲ್ಲಿ ಅದರಷ್ಟು ಮನಸ್ಸು ತುಂಬುವ ಪುಟ ಇನ್ನೊಂದಿಲ್ಲ. ಯುಗಾದಿಗೆ ಸುಜಾತಕ್ಕ ನಿಮ್ಮಲ್ಲಿಗೆ ಬರುತ್ತಾಳೆ, ನನಗಿಂತ ಮೊದಲೇ ತಯಾರಾಗಿದ್ದಾಳೆ. ಹೋಳಿಗೆ ಬಡಿಸಿ, ದೊಡ್ಡಮ್ಮನ ದನಿ ಕೇಳಿಸಿಕೊಳ್ಳಿ. ಆದರೆ ಆ ತಂಗಿ ಬದುಕಿದ್ದಾಳೆಂದು ನಿಮ್ಮಲ್ಲಿ ಯಾರೂ ಅವಳಿಗೆ ಹೇಳಬಾರದು. ರಾಯದುರ್ಗದವರು ಒಂದು ವರ್ಷ ನನಗಾಗಿ ಬಾಯಿ ಬಿಡಲಿಲ್ಲ. ನೀವು ನನ್ನವರು ಹೌದೋ ಅಲ್ಲವೋ, ಅವಳು ರಾಯದುರ್ಗಕ್ಕೆ ತಿರುಗಿ ಬಂದಾಗ ಅವಳ ಮುಖ ನೋಡಿದರೆ ನನಗೆ ತಿಳಿಯುತ್ತದೆ.